ಜೆವೊದಾನಿನ ಮೃಗ, ಬಂಕಾಪುರದ ತೋಳ

ಸುರಿಯುವ ಮಳೆ. ಕೆಸರು ತುಂಬಿದ ಬಯಲಿನಲ್ಲಿ ಒಬ್ಬ ಮುದುಕನನ್ನೂ ಅವನ ಮಗಳನ್ನೂ ನಾಲ್ಕಾರು ಮಂದಿ ಹಿಡಿದು ಬಡಿಯುತ್ತಿದ್ದಾರೆ. ಅಷ್ಟರಲ್ಲಿ ಎರಡು ಕುದುರೆ ಬಂದು ನಿಲ್ಲುತ್ತವೆ. ಸವಾರರ ತಲೆಯ ಮೇಲೆ ಮೂರು ಮೂಲೆಯ ಟೋಪಿ, ಮೂಗಿನವರೆಗೂ ಸುತ್ತಿದ ಬಟ್ಟೆ, ಮಳೆ ಕುಡಿದು ಭಾರವಾದ ನಿಲುವಂಗಿ. ಕಾಲ 1760ರ ದಶಕ, ದೇಶ ಫ್ರಾನ್ಸ್. ಈ ವೇಷ ಕಂಡ ಕೂಡಲೇ ನೋಡುವವರು ಒಂದು ನಿಧಾನದ ಇತಿಹಾಸಕ್ಕೆ ಸಿದ್ಧರಾಗುತ್ತಾರೆ. ಇನ್ನು ಅರಮನೆ, ಸಾರೋಟು, ಉದ್ದುದ್ದ ಸಂಭಾಷಣೆ ಅಂದುಕೊಳ್ಳುತ್ತಾರೆ. ಆಗ ಸವಾರರಲ್ಲಿ ಒಬ್ಬ ತುಟಿ ಬಿಚ್ಚದೆ ಕೆಳಗಿಳಿದು ಬಂದು, ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಮಾತ್ರ ಕಾಣುವಂಥ ಪಟ್ಟುಗಳಲ್ಲಿ ಒಬ್ಬೊಬ್ಬರನ್ನೇ ನೆಲಕ್ಕೆ ಕೆಡವುತ್ತಾನೆ. ಸೋಫಾದಲ್ಲಿ ಒರಗಿದ್ದವರು ನೆಟ್ಟಗೆ ಕೂರುತ್ತಾರೆ.

ಚಿತ್ರದ ಹೆಸರು 'ಲ ಪಾಕ್ತ್ ದೆ ಲೂ'. ಇಂಗ್ಲಿಷಿನಲ್ಲಿ 'ಬ್ರದರ್‌ಹುಡ್ ಆಫ್ ದ ವುಲ್ಫ್' ಎಂದು ಹೆಸರಾಗಿದೆ. ನಿರ್ದೇಶಕ ಕ್ರಿಸ್ತೋಫ್ ಗಾನ್ಸ್. ಫ್ರಾನ್ಸಿನಲ್ಲಿ 2001ರ ಜನವರಿ 31ರಂದು ತೆರೆಕಂಡ ಇದನ್ನು ಆ ದೇಶವೊಂದರಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ನೋಡಿದರು. ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಫ್ರೆಂಚ್ ಭಾಷೆಯ ಚಿತ್ರಗಳ ಸಾಲಿಗೂ ಸೇರಿತು. ಇತಿಹಾಸ, ಪತ್ತೇದಾರಿ, ಭೀಕರ, ಪ್ರೇಮ, ರಾಜಕೀಯ ಸಂಚು, ಕುಂಗ್‌ಫು ಎಲ್ಲವೂ ಒಂದೇ ಕಥೆಯಲ್ಲಿವೆ. ಹೀಗೆಂದು ಯಾರಾದರೂ ಬಾಯಲ್ಲಿ ಹೇಳಿದರೆ ಕಲಬೆರಕೆ ಅನಿಸುವುದು ಸಹಜ. ನೋಡಿದರೆ ಮಾತ್ರ ಬೇರೆಯೇ ಸಂಗತಿ.

ಆದರೆ ಇಂಥ ಚಿತ್ರ ಕೊಪ್ಪಳ ಜಿಲ್ಲೆಯ ಊರುಗಳಿಗೆ ತಲುಪುವ ದಾರಿಯೇ ಬೇರೆ. ಕಾರಟಗಿ ತಾಲ್ಲೂಕಿನ ಸಿದ್ದಾಪುರ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಊರು. ಸುತ್ತ ಭತ್ತದ ಗದ್ದೆ, ರೈಸ್ ಮಿಲ್ಲು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಇಲ್ಲಿ ತೆಲುಗು ಸಿನಿಮಾ ಯಾರಿಗೂ ಪರಭಾಷೆಯದು ಅನಿಸುವುದಿಲ್ಲ. ಗಂಗಾವತಿ, ಸಿಂಧನೂರಿನ ಟಾಕೀಸುಗಳಲ್ಲಿ ಕನ್ನಡದ ಪೋಸ್ಟರಿನ ಪಕ್ಕದಲ್ಲೇ ತೆಲುಗಿನ ಪೋಸ್ಟರ್ ಇರುತ್ತದೆ. ಫ್ರೆಂಚ್ ಸಿನಿಮಾ ಆ ಪರದೆಗಳಿಗೆ ಬರುವ ಮಾತೇ ಇಲ್ಲ. ಬಂದರೆ ಮನೆಗೇ ಬರಬೇಕು, ಟಿವಿಗೋ ಮೊಬೈಲಿಗೋ. ಕನ್ನಡಕ್ಕೆ ಡಬ್ಬಿಂಗ್ ಆಗದಂತೆ ದಶಕಗಳ ಕಾಲ ಇದ್ದ ತಡೆ 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಸಡಿಲವಾಯಿತು ನಿಜ. ಆದರೆ ಬರುತ್ತಿರುವುದು ಹೆಚ್ಚಾಗಿ ತೆಲುಗು, ತಮಿಳು, ಹಿಂದಿಯ ಚಿತ್ರಗಳು. ಹಳೆಯ ಫ್ರೆಂಚ್ ಚಿತ್ರಕ್ಕೆ ಕನ್ನಡದ ದನಿ ಕೊಡುವವರು ಇನ್ನೂ ಹುಟ್ಟಿಲ್ಲ. ಹಾಗಾಗಿ ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಿ ಹಿರಿಯರಿಗೆ ಹೇಳುವ ಕೆಲಸ ಅವರದೇ.

"ಆ ಕರೇ ಅಂಗಿಯಾಂವ ಏನಂತಾನ?"

"ಅದು ತ್ವಾಳ ಅಲ್ಲಂತಬೇ."

"ಮತ್ತೇನಂತ?"

"ಅದ ಗೊತ್ತಾಗವಲ್ದು."

ಈ ನಾಲ್ಕು ಮಾತಿನಲ್ಲಿ ಸಿನಿಮಾದ ಮೊದಲರ್ಧ ಅಡಗಿದೆ. ಪರಭಾಷೆಯ ಚಿತ್ರವನ್ನು ಮನೆಯಲ್ಲಿ ನೋಡುವುದಕ್ಕೆ ಇರುವ ದೊಡ್ಡ ಅನುಕೂಲವೂ ಇದೇ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಬಹುದು, ಹಿಂದಕ್ಕೆ ಓಡಿಸಿ ಮತ್ತೆ ನೋಡಬಹುದು. ಈ ಚಿತ್ರಕ್ಕೆ ಅದು ಬೇಕೇ ಬೇಕು. ಮೊದಲ ಗಂಟೆಯಲ್ಲಿ ಸುಮ್ಮನೆ ತೋರಿಸಿ ಬಿಟ್ಟ ವಸ್ತು ಎರಡನೇ ಗಂಟೆಯಲ್ಲಿ ಪುರಾವೆಯಾಗಿ ಎದುರು ಬರುತ್ತದೆ.

ಕಥೆಯ ಬೇರು ಕಲ್ಪನೆಯದಲ್ಲ. ದಕ್ಷಿಣ ಫ್ರಾನ್ಸಿನ ಜೆವೊದಾನ್ ಎಂಬ ಗುಡ್ಡಗಾಡಿನಲ್ಲಿ, ಇಂದಿನ ಲೊಜೇರ್ ಜಿಲ್ಲೆಯ ಸುತ್ತಮುತ್ತ, 1764ರಿಂದ 1767ರವರೆಗೆ ಒಂದು ಮೃಗ ಸುಮಾರು ನೂರು ಜನರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ದನ ಕುರಿ ಕಾಯಲು ಒಂಟಿಯಾಗಿ ಬಯಲಿಗೆ ಹೋಗುತ್ತಿದ್ದವರು ಅವರೇ. ದಾಖಲೆಯಲ್ಲಿರುವ ಮೊದಲ ಬಲಿ ಜಾನ್ ಬೂಲೆ ಎಂಬ 14 ವರ್ಷದ ಹುಡುಗಿ, 1764ರ ಜೂನ್ 30ರಂದು. ಅದೇ ಹೊತ್ತಿಗೆ ಫ್ರಾನ್ಸ್ ಏಳು ವರ್ಷದ ಯುದ್ಧದಲ್ಲಿ ಸೋತು ಕೆನಡಾವನ್ನು ಕಳೆದುಕೊಂಡಿತ್ತು. ಯುದ್ಧದ ಸುದ್ದಿ ನಿಂತುಹೋದ ಪತ್ರಿಕೆಗಳಿಗೆ ಈ ಮೃಗ ಸಿಕ್ಕಿತು. ಅವಿನ್ಯೋನಿನ ಪತ್ರಿಕೆಯೊಂದು ವಾರವಾರವೂ ಅದರ ಸುದ್ದಿ ಹೊತ್ತು ತಂದು, ಒಂದು ಮೂಲೆಯ ಗುಡ್ಡಗಾಡಿನ ಹೆದರಿಕೆಯನ್ನು ಯುರೋಪಿಗೆಲ್ಲ ಹರಡಿತು.

ದನ ಕಾಯುವ ಮಕ್ಕಳ ಒಂದು ಪ್ರಸಂಗ ಕೊಪ್ಪಳ ಸೀಮೆಯ ಓದುಗರಿಗೆ ಹತ್ತಿರದ್ದು. 1765ರ ಜನವರಿ 12ರಂದು ಜಾಕ್ ಪೋರ್ತಫೆ ಎಂಬ ಹುಡುಗನೂ ಅವನ ಜೊತೆಗಾರರಾದ ಆರು ಮಕ್ಕಳೂ ದನ ಮೇಯಿಸುತ್ತಿದ್ದಾಗ ಮೃಗ ಮೇಲೆ ಬಿತ್ತು. ಒಬ್ಬ ಚಿಕ್ಕವನನ್ನು ಕಚ್ಚಿ ಎಳೆದುಕೊಂಡು ಹೊರಟಿತು. ಉಳಿದವರಲ್ಲಿ ಕೆಲವರು ಓಡೋಣ ಅಂದರು. ಪೋರ್ತಫೆ ಬಿಡಲಿಲ್ಲ. ತುದಿಗೆ ಅಲಗು ಕಟ್ಟಿದ ಕೋಲುಗಳಿಂದ ತಿವಿದು ತಿವಿದು, ಮೃಗವನ್ನು ಕೆಸರಿಗೆ ಅಟ್ಟಿ, ಗೆಳೆಯನನ್ನು ಬಿಡಿಸಿಕೊಂಡರು. ಸುದ್ದಿ ಹದಿನೈದನೇ ಲೂಯಿ ದೊರೆಯ ಕಿವಿಗೆ ಬಿತ್ತು. ಹುಡುಗನಿಗೆ 300 ಲಿವ್ರ್ ಇನಾಮು ಬಂತು, ಮುಂದಿನ ಓದಿನ ಖರ್ಚನ್ನೂ ಅರಸನೇ ವಹಿಸಿಕೊಂಡ.

ದೊಡ್ಡವರ ಕೈಯಲ್ಲಿ ಕೆಲಸ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಕುದುರೆ ದಳದ ಸೈನಿಕರು ಬಂದರು. ಮೃಗ ಹೆಂಗಸರ ಮೇಲೆ ಹೆಚ್ಚು ಎರಗುತ್ತದೆಂದು ಹೆಣ್ಣುವೇಷ ಹಾಕಿಕೊಂಡು ಕಾದರು, ಸಿಗಲಿಲ್ಲ. ನಾರ್ಮಂಡಿಯಿಂದ ಹೆಸರಾಂತ ತೋಳಬೇಟೆಗಾರರು ಬಂದು ಹೋದರು. ಕೊನೆಗೆ ಅರಸನ ಬಂದೂಕು ಹೊರುವ ಅಧಿಕಾರಿ ಫ್ರಾಂಸ್ವಾ ಆಂತ್ವಾನ್ 1765ರ ಸೆಪ್ಟೆಂಬರಿನಲ್ಲಿ ಭಾರಿ ತೋಳವೊಂದನ್ನು ಹೊಡೆದು, ಅದರ ಹೊಟ್ಟೆಗೆ ಹುಲ್ಲು ತುಂಬಿಸಿ ವರ್ಸೇಲ್ಸ್ ಅರಮನೆಗೆ ಕಳಿಸಿದ. ಆಸ್ಥಾನದ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಿತು. ಡಿಸೆಂಬರಿನಲ್ಲಿ ಸಾವು ಮತ್ತೆ ಶುರುವಾಯಿತು. ಈ ಸಲ ಪ್ಯಾರಿಸ್ ತಿರುಗಿ ನೋಡಲಿಲ್ಲ. 1767ರ ಜೂನ್ 19ರಂದು ಊರವನೇ ಆದ ಜಾನ್ ಶಾಸ್ತೆಲ್ ಇನ್ನೊಂದು ಪ್ರಾಣಿಯನ್ನು ಹೊಡೆದ ಮೇಲೆ ಸಾವು ನಿಂತವು. ಅದು ತೋಳವೋ, ತೋಳ ನಾಯಿ ಬೆರೆತದ್ದೋ, ಯಾರಾದರೂ ಸಾಕಿ ತಪ್ಪಿಸಿಕೊಂಡ ಪರದೇಶದ ಪ್ರಾಣಿಯೋ, ಇಂದಿಗೂ ಒಮ್ಮತವಿಲ್ಲ.

ಗಾನ್ಸ್ ಕೈ ಹಾಕಿದ್ದು ಈ ಒಮ್ಮತವಿಲ್ಲದ ಜಾಗಕ್ಕೆ. ಅವನ ನಾಯಕ ಫ್ರೋನ್ಸಾಕ್ ಅರಸನು ಕಳಿಸಿದ ಪ್ರಕೃತಿ ವಿಜ್ಞಾನಿ. ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ನಿಪುಣ. ಜೊತೆಗಿರುವವನು ಮಾನಿ, ಕೆನಡಾದ ಮೂಲನಿವಾಸಿ ಇರಾಕ್ವಾ ಜನರವನು. ಫ್ರೋನ್ಸಾಕನಾಗಿ ಸ್ಯಾಮ್ಯುಯೆಲ್ ಲ ಬಿಯಾನ್, ಮಾನಿಯಾಗಿ ಮಾರ್ಕ್ ಡಕಾಸ್ಕೋಸ್ ನಟಿಸಿದ್ದಾರೆ. ಊರಿನ ಕುಲೀನ ಮನೆತನದ ಅಣ್ಣ ತಂಗಿಯರಾಗಿ ವ್ಯಾನ್ಸಾನ್ ಕಸೆಲ್ ಮತ್ತು ಎಮಿಲಿ ದಕೆನ್ ಇದ್ದಾರೆ. ಗುಟ್ಟು ಬಿಟ್ಟುಕೊಡದ ವೇಶ್ಯೆಯ ಪಾತ್ರ ಮೋನಿಕಾ ಬೆಲುಚಿಯದು.

ಇಲ್ಲಿ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಊರಿನ ದೊಡ್ಡ ಮನುಷ್ಯರ ಔತಣ. ಫ್ರೋನ್ಸಾಕ್ ಒಂದು ಮೀನನ್ನು ತೋರಿಸುತ್ತಾನೆ. ಮೀನಿನ ಮೈಮೇಲೆ ತುಪ್ಪಳ. ಕೆನಡಾದ ನೀರು ಅಷ್ಟು ತಣ್ಣಗಿರುವುದರಿಂದ ಅಲ್ಲಿನ ಮೀನಿಗೆ ಕೂದಲು ಬೆಳೆದಿದೆ ಎನ್ನುತ್ತಾನೆ. ಮೇಜಿನ ಸುತ್ತ ಕೂತವರು ಬೆರಗಿನಿಂದ ನೋಡುತ್ತಾರೆ. ಆಮೇಲೆ ಅವನೇ ಹೇಳುತ್ತಾನೆ, ಇದು ಸುಳ್ಳು ಮೀನು, ತುಪ್ಪಳ ಅಂಟಿಸಿದ್ದು ಎಂದು. ಓದಿದವನೊಬ್ಬ ಗಂಭೀರವಾಗಿ ಹೇಳಿದರೆ ಜನ ಏನನ್ನಾದರೂ ನಂಬುತ್ತಾರೆ ಎಂಬುದನ್ನು ತೋರಿಸಲು ಮಾಡಿದ ಆಟ ಅದು. ಎಲ್ಲರೂ ನಕ್ಕು ಮರೆಯುತ್ತಾರೆ, ನೋಡುವವರೂ ಮರೆಯುತ್ತಾರೆ. ಮುಂದೆ ಅರಸನ ಅಧಿಕಾರಿ ಒಂದು ಸಾಮಾನ್ಯ ತೋಳವನ್ನು ಹೊಡೆದು ತಂದು, ಇದೇ ಆ ಮೃಗವೆಂದು ಕಾಣುವ ಹಾಗೆ ಸಿದ್ಧಮಾಡು ಎಂದು ಅದೇ ಫ್ರೋನ್ಸಾಕನಿಗೆ ಆಜ್ಞೆ ಮಾಡುತ್ತಾನೆ. ತಮಾಷೆಗೆ ಮಾಡಿದ ಸುಳ್ಳು ಮೀನಿನ ವಿದ್ಯೆ ಈಗ ಸರ್ಕಾರಿ ಸುಳ್ಳಿನ ಕೆಲಸಕ್ಕೆ ಬರುತ್ತದೆ. ನಗೆಯ ದೃಶ್ಯವೊಂದು ರಾಜಕೀಯದ ದೃಶ್ಯಕ್ಕೆ ಹೀಗೆ ದಾರಿ ಮಾಡಿಕೊಡುತ್ತದೆ. ಬಗೆಬಗೆಯ ಚಿತ್ರಪ್ರಕಾರಗಳನ್ನು ಬೆರೆಸಲು ಬಲ್ಲವನ ಕೈಚಳಕವೆಂದರೆ ಇದು.

ಭಯದ ವಿಷಯದಲ್ಲೂ ಗಾನ್ಸನ ಲೆಕ್ಕ ಪಕ್ಕಾ. ಮೃಗವನ್ನು ಪೂರ್ತಿಯಾಗಿ ತೋರಿಸಲು ಅವಸರವಿಲ್ಲ. ಮೊದಲು ಸಿಗುವುದು ಉಸಿರಿನ ಸದ್ದು, ಆಮೇಲೆ ಹೆಣದ ಮೇಲಿನ ಗಾಯ, ಗಾಯದ ಅಳತೆ. ತೋಳದ ಬಾಯಿ ಇಷ್ಟು ಅಗಲ ಇರಲು ಸಾಧ್ಯವೇ ಎಂಬ ಪ್ರಶ್ನೆ ಏಳುತ್ತದೆ. ಆಮೇಲೆ ಗಾಯದೊಳಗೆ ಕಬ್ಬಿಣದ ಚೂರೊಂದು ಸಿಗುತ್ತದೆ. ಪ್ರಾಣಿಯ ಬಾಯಲ್ಲಿ ಕಬ್ಬಿಣ ಎಲ್ಲಿಂದ ಬಂತು? ಭೀಕರ ಚಿತ್ರ ಪತ್ತೇದಾರಿಯಾಗಿ ಮಗ್ಗುಲು ಬದಲಿಸುವುದು ಇದೇ ಗಳಿಗೆಯಲ್ಲಿ. ಉತ್ತರವನ್ನು ಇಲ್ಲಿ ಹೇಳಿದರೆ ನೋಡುವವರಿಗೆ ಅನ್ಯಾಯ. ಕಾಡಿನ ಭಯವನ್ನು ಊರಿನವರೇ ಬೆಳೆಸುತ್ತಾರೆ, ಅದಕ್ಕೆ ದೇವರ ಹೆಸರೂ ಬಳಕೆಯಾಗುತ್ತದೆ ಎಂಬಷ್ಟು ಹೇಳಬಹುದು.

ಇಷ್ಟೆಲ್ಲ ಬೆರಕೆ ಹಳ್ಳಿಯ ಪ್ರೇಕ್ಷಕರಿಗೆ ಗೊಂದಲವಾಗುವುದಿಲ್ಲವೇ ಎಂದು ಪಟ್ಟಣದವರು ಕೇಳಬಹುದು. ಕೊಪ್ಪಳ ಸೀಮೆಯಲ್ಲಿ ಈ ಪ್ರಶ್ನೆಗೆ ಅರ್ಥವಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬದುಕಿನುದ್ದಕ್ಕೂ ಅವರು ಆಡಿಸಿದ ತೊಗಲುಗೊಂಬೆಯಾಟದಲ್ಲಿ ರಾಮಾಯಣ ಮಹಾಭಾರತದ ಯುದ್ಧ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿ ಬಂದು ನಗಿಸಿ ಹೋಗುತ್ತಾರೆ. ನಕ್ಕವರೇ ಮರುಗಳಿಗೆಯಲ್ಲಿ ಸೀತೆಗಾಗಿ ಕಣ್ಣೊರೆಸಿಕೊಳ್ಳುತ್ತಾರೆ. ದೊಡ್ಡಾಟದಲ್ಲಿ ಹಾಡು, ಹೆಜ್ಜೆ, ಆರ್ಭಟ, ಸಾರಥಿಯ ಹಾಸ್ಯ ಎಲ್ಲವೂ ಒಂದೇ ರಾತ್ರಿ, ಒಂದೇ ಅಟ್ಟದ ಮೇಲೆ. ಹಾಂಗ್‌ಕಾಂಗಿನ ಕಾಲೊದೆತವನ್ನು ಫ್ರೆಂಚ್ ದರ್ಬಾರಿಗೆ ತಂದದ್ದು ಪ್ಯಾರಿಸ್ಸಿನ ವಿಮರ್ಶಕನಿಗೆ ವಿಚಿತ್ರವಾಗಿ ಕಂಡಿರಬಹುದು. ಆಟ ನೋಡಿ ಬೆಳೆದವರಿಗೆ ಅದು ಗುರುತಿರುವ ರುಚಿ.

ಗಾನ್ಸ್ ತಾನೂ ನೋಡುಗನಾಗಿ ಬೆಳೆದವನು. ನಿರ್ದೇಶಕನಾಗುವ ಮೊದಲು 'ಸ್ಟಾರ್‌ಫಿಕ್ಸ್' ಎಂಬ ಸಿನಿಮಾ ಪತ್ರಿಕೆ ಕಟ್ಟಿ, ಏಷ್ಯಾದ ಚಿತ್ರಗಳ ಬಗ್ಗೆ ಮನಸಾರೆ ಬರೆದವನು. ಹಾಗಾಗಿ ಹೊಡೆದಾಟ ಕಟ್ಟಲು ಹಾಂಗ್‌ಕಾಂಗಿನ ಫಿಲಿಪ್ ಕ್ವಾಕ್‌ನನ್ನೇ ಕರೆಸಿದ. ಸಂಕಲನಕ್ಕೂ ಹಾಂಗ್‌ಕಾಂಗಿನ ಡೇವಿಡ್ ವು ಬಂದ. ಮೃಗವನ್ನು ಮಾಡಿಕೊಟ್ಟದ್ದು ಗೊಂಬೆಗಳಿಗೆ ಹೆಸರಾದ ಜಿಮ್ ಹೆನ್ಸನ್ ಕಾರ್ಯಾಗಾರ. ಉಡುಪು ವಿನ್ಯಾಸಕ್ಕಾಗಿ ದೊಮಿನಿಕ್ ಬೋರ್ಗ್ ಅವರಿಗೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು, ಅದು ಸಲ್ಲಬೇಕಾದದ್ದೇ. ಈ ಚಿತ್ರದಲ್ಲಿ ಬಟ್ಟೆ ಬರಿಯ ಅಲಂಕಾರವಲ್ಲ. ಮಳೆಗೆ ನೆನೆಯುತ್ತದೆ, ಕೆಸರಾಗುತ್ತದೆ, ಹರಿಯುತ್ತದೆ.

ಏಷ್ಯಾದ ಹೊಡೆದಾಟವನ್ನು ತಮ್ಮ ನೆಲದ ಇತಿಹಾಸಕ್ಕೆ ಒಗ್ಗಿಸಿಕೊಳ್ಳುವ ಕೆಲಸ ಕನ್ನಡದಲ್ಲಿ ಅದಕ್ಕೂ ಬಹಳ ಮೊದಲೇ ಆಗಿತ್ತು. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂದದ್ದು 1978ರಲ್ಲಿ. ಜಪಾನಿನ ಕುರೊಸಾವಾನ ಸಮುರಾಯ್ ಚಿತ್ರಗಳ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಕೂಲಿಗೆ ಕತ್ತಿ ಹಿಡಿಯುವ ಯೋಧ ಗಂಡುಗಲಿಯಾಗಿ ಶಂಕರ್‌ನಾಗ್, ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಶಂಕರ್‌ನಾಗ್‌ಗೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದ ಪಾತ್ರ ಅದು. ಸಮುರಾಯ್ ಕಥೆ ಮಲೆನಾಡಿನ ಕಾಡಿನೊಳಗೆ ಹೊಕ್ಕು ಪೂರ್ತಿ ಕನ್ನಡದ್ದಾಗಿ ಹೊರಬಂತು.

ಗಂಗಾವತಿ ಸುತ್ತಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಜಾಕಿ ಚಾನ್. 2005ರಲ್ಲಿ ಬಂದ 'ದ ಮಿತ್' ಚಿತ್ರಕ್ಕಾಗಿ ಅವನು ಹಂಪಿಗೆ ಬಂದಿದ್ದ, ಮಲ್ಲಿಕಾ ಶೆರಾವತ್ ಜೊತೆಗಿದ್ದಳು. ಅದೂ ಬೆರಕೆ ಚಿತ್ರವೇ. ಕ್ರಿಸ್ತಪೂರ್ವ ಚೀನಾದ ಕ್ವಿನ್ ಸಾಮ್ರಾಜ್ಯದ ಸೇನಾಪತಿ, ಇಂದಿನ ಪುರಾತತ್ವಜ್ಞ, ಗಾಳಿಯಲ್ಲಿ ತೇಲುವ ಶವಪೆಟ್ಟಿಗೆ, ಇಲಿ ಹಿಡಿಯುವ ಅಂಟಿನ ಮೇಲೆ ನಡೆಯುವ ಹೊಡೆದಾಟ. ದಿನವೂ ಕಾಣುವ ಬಂಡೆಗಳನ್ನು ಚೀನಾದ ಸಿನಿಮಾದಲ್ಲಿ ನೋಡುವ ಖುಷಿ ದೊಡ್ಡದು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ತೂಗಿದರೆ 'ದ ಮಿತ್' ಹಗುರ. ಅದರಲ್ಲಿ ಇತಿಹಾಸ ಒಂದು ಕಡೆ, ಹಾಸ್ಯ ಒಂದು ಕಡೆ ಪಾಲಾಗಿ ಕೂತಿವೆ. ಒಂದು ಶುರುವಾದಾಗ ಇನ್ನೊಂದು ನಿಂತುಬಿಡುತ್ತದೆ. ಗಾನ್ಸನ ಚಿತ್ರದಲ್ಲಿ ಹೊಡೆದಾಟದ ನಡುವೆಯೇ ಪುರಾವೆ ಸಿಗುತ್ತದೆ, ಪ್ರೇಮದ ಮಾತಿನ ನಡುವೆಯೇ ಭಯ ಹುಟ್ಟುತ್ತದೆ.

ಕೊರತೆಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಗುಪ್ತಸಂಘ, ದ್ವಂದ್ವಯುದ್ಧ, ಸತ್ತವರು ಮರಳಿ ಬರುವುದು ಎಲ್ಲವನ್ನೂ ತುರುಕಿದ್ದಾರೆ. ನಿಧಾನಗತಿಯ ಹೊಡೆತಗಳು ಅತಿಯಾಗಿವೆ. ಅದಕ್ಕಿಂತ ದೊಡ್ಡ ತಕರಾರು ಮಾನಿಯ ಪಾತ್ರದ್ದು. ಕಾಡಿನ ಜೊತೆ ಮಾತಾಡುವ, ಸ್ವಂತದ್ದು ಏನನ್ನೂ ಹೇಳಿಕೊಳ್ಳದ, ಬಿಳಿಯ ಗೆಳೆಯನಿಗಾಗಿಯೇ ಬದುಕುವ ಮೂಲನಿವಾಸಿಯ ಚಿತ್ರ ಹಳಸಿದ್ದು. ಮಾನಿಯನ್ನು ಆಡಿದ ಡಕಾಸ್ಕೋಸ್ ಇರಾಕ್ವಾ ಮೂಲದವನೂ ಅಲ್ಲ. ಡಕಾಸ್ಕೋಸ್‌ನ ಮೈಮಾತಿನಿಂದಲೇ ಪಾತ್ರಕ್ಕೆ ಘನತೆ ಬಂದಿದೆ, ಬರವಣಿಗೆಯಿಂದ ಬಂದಿಲ್ಲ.

ಆದರೂ ಈ ಚಿತ್ರ ಕೊಪ್ಪಳ ಜಿಲ್ಲೆಯ ಮನೆಗಳಲ್ಲಿ ನೋಡಿಸಿಕೊಳ್ಳಬೇಕಾದದ್ದು ಒಂದು ವಿಶೇಷ ಕಾರಣಕ್ಕೆ, ಅದು ತೋಳದ ಕಾರಣ. ಚಿತ್ರದಲ್ಲಿ ಊರೆಲ್ಲ ಸೇರಿ ತೋಳಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತದೆ. ರಾಶಿ ಬಿದ್ದ ತೋಳದ ಹೆಣಗಳ ನಡುವೆ ಮಾನಿ ಒಬ್ಬನೇ ಮರುಗುತ್ತಾನೆ. ನಿಜವಾದ ಜೆವೊದಾನಿನಲ್ಲೂ ಒಂದು ಮೃಗದ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ತೋಳಗಳು ಸತ್ತವು. ಮುಂದಿನ ಶತಮಾನಗಳಲ್ಲಿ ಬೇಟೆ, ಇನಾಮು, ವಿಷ ಸೇರಿ ಫ್ರಾನ್ಸಿನಲ್ಲಿ ತೋಳವೇ ಇಲ್ಲವಾಯಿತು. 1992ರಲ್ಲಿ ಇಟಲಿಯ ಕಡೆಯಿಂದ ಆಲ್ಪ್ಸ್ ದಾಟಿ ಬಂದವು ಕಣ್ಣಿಗೆ ಬಿದ್ದ ಮೇಲೆಯೇ ಅಲ್ಲಿ ತೋಳದ ಎರಡನೇ ಅಧ್ಯಾಯ.

ಇತ್ತ ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ವನ್ಯಧಾಮವಿದೆ. 332 ಹೆಕ್ಟೇರ್, ಅಂದರೆ ಸುಮಾರು 820 ಎಕರೆ. ಕುರುಚಲು ಕಾಡು, ಬಂಡೆಯ ಪೊಟರೆಗಳು, ಹುಲ್ಲು. ತೋಳದ ಜೊತೆ ನರಿ, ಕತ್ತೆಕಿರುಬ, ಮುಳ್ಳುಹಂದಿ, ನವಿಲುಗಳೂ ಇವೆ. ರಾಜ್ಯದಲ್ಲಿ ತೋಳದ ನೆಲೆ ಉಳಿಸಲು 1974ರಲ್ಲೇ ಮೇಲುಕೋಟೆಯಲ್ಲಿ ವನ್ಯಧಾಮ ಮಾಡಲಾಗಿತ್ತು. ಜಾರ್ಖಂಡಿನ ಮಹುವಾಡಾಂಡ್ 1976ರದು. ಬಂಕಾಪುರ ಈ ಸಾಲಿಗೆ ಹೊಸದಾಗಿ ಸೇರಿದೆ. 2025ರಲ್ಲಿ ಇಲ್ಲಿ ತೋಳವೊಂದು ಎಂಟು ಮರಿ ಹಾಕಿತು. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಎಂಬ ಅಂದಾಜನ್ನು ನೆನೆದರೆ ಆ ಎಂಟರ ಬೆಲೆ ತಿಳಿಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಗೆ ಸಿಗುವ ರಕ್ಷಣೆಯೇ ಕಾಗದದ ಮೇಲೆ ತೋಳಕ್ಕೂ ಇದೆ.

ಕುರಿಗಾರನ ಭಯವನ್ನು ಇದರಿಂದ ಅಲ್ಲಗಳೆಯಲಾಗದು. ಹಟ್ಟಿಯಿಂದ ಒಂದು ಕುರಿ ಹೋದರೆ ಆ ಮನೆಯ ದುಡಿಮೆಯಲ್ಲಿ ಒಂದು ಪಾಲು ಹೋದ ಹಾಗೆ. ತೋಳ ಮನುಷ್ಯರನ್ನು ಕೊಲ್ಲುವುದೇ ಇಲ್ಲ ಎಂಬ ಮಾತೂ ಸುಳ್ಳು. 2024ರಲ್ಲಿ ಉತ್ತರ ಪ್ರದೇಶದ ಬಹರೈಚ್ ಜಿಲ್ಲೆಯ ಹಳ್ಳಿಗಳಲ್ಲಿ ಮಲಗಿದ್ದ ಮಕ್ಕಳನ್ನು ತೋಳಗಳು ಎತ್ತಿಕೊಂಡು ಹೋದವು, ಅರಣ್ಯ ಇಲಾಖೆ ವಾರಗಟ್ಟಲೆ ಅವುಗಳ ಬೆನ್ನು ಹತ್ತಿತು. ಅಲ್ಲೂ ಜೆವೊದಾನಿನ ಕಥೆಯೇ ಮರುಕಳಿಸಿತು. ಕೊಂದದ್ದು ಯಾವ ತೋಳ ಎಂದು ತಿಳಿಯುವ ಮೊದಲೇ ಎಲ್ಲ ತೋಳಗಳೂ ಅಪರಾಧಿಗಳಾದವು, ನರಿ ಕಂಡರೂ ಜನ ಕೂಗಿದರು. ಗಾಯ ಅಳೆದು, ಹೆಜ್ಜೆ ನೋಡಿ, ಯಾವ ಪ್ರಾಣಿ ಎಂದು ಕೇಳುವವನು ಪ್ರತಿ ಊರಿಗೂ ಬೇಕು. ಫ್ರೋನ್ಸಾಕ್ ಮಾಡುವ ಕೆಲಸವೂ ಅಷ್ಟೇ.

ನೋಡಬೇಕೆನ್ನುವವರಿಗೆ ಎರಡು ಮಾತು. ಇಂಗ್ಲಿಷ್ ದನಿ ಹಾಕಿದ ಪ್ರತಿ ಬೇಡ. ಫ್ರೆಂಚ್ ದನಿಯಲ್ಲೇ ಇಟ್ಟುಕೊಂಡು ಕೆಳಗಿನ ಸಾಲು ಓದುವುದು ಮೇಲು, ಕಸೆಲ್‌ನ ದನಿಯಲ್ಲಿರುವ ವಿಷ ಡಬ್ಬಿಂಗಿನಲ್ಲಿ ಉಳಿದಿಲ್ಲ. ರಕ್ತ ಧಾರಾಳವಾಗಿದೆ, ವೇಶ್ಯಾಗೃಹದ ದೃಶ್ಯಗಳಿವೆ, ಆದ್ದರಿಂದ ಮಕ್ಕಳು ಮಲಗಿದ ಮೇಲೆ ಹಾಕಿ. ಎರಡೂವರೆ ಗಂಟೆಯ ಚಿತ್ರ, ಊಟ ಮುಗಿಸಿಕೊಂಡೇ ಕೂತುಕೊಳ್ಳಿ.